ಇನ್ನೊಬ್ಬರ ತಪ್ಪು ತಿದ್ದುವಾಗ ತಗ್ಗಿ ನಡೆಯುವುದು ಹೇಗೆ? ಕ್ರೈಸ್ತ ಸಭೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಪ್ರಾರ್ಥನೆಯಲ್ಲಿ ಯಾರೋ ವಾಕ್ಯವನ್ನು ತಿರುಚಿ ಹೇಳಿದರು. ಸಭೆಯ ಅಣ್ಣನೊಬ್ಬ ಸಾಲ ತೆಗೆದುಕೊಂಡು ವಾಪಸು ಕೊಡುತ್ತಿಲ್ಲ. ಪ್ರಸಂಗದಲ್ಲಿ ಬಂದ ಮಾತೊಂದು ರೋಗಿಯ ಮನೆಯವರನ್ನು ನೋಯಿಸಿತು. ಸುಮ್ಮನಿದ್ದರೆ ತಪ್ಪು, ಬಾಯಿಬಿಟ್ಟರೆ ಅಹಂಕಾರ ಅನ್ನಿಸುವ ಇಂಥ ಸಂದರ್ಭಗಳಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ದೀನತೆ ದನಿಯ ಮೆತ್ತಗಿನಲ್ಲಿದೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಹೆಚ್ಚಾಗಿ ಕಾಣುವುದು ಕೆಲಸದ ಕ್ರಮದಲ್ಲಿ: ಮೊದಲು ಯಾರ ಹತ್ತಿರ ಹೋದಿರಿ, ಏನು ವಿಚಾರಿಸಿಕೊಂಡು ಹೋದಿರಿ, ನೀವೇ ತಪ್ಪಿದಾಗ ಏನು ಮಾಡಿದಿರಿ.

“ತೀರ್ಪು ಮಾಡಬೇಡಿರಿ” ಎಂದು ಯೇಸುವೇ ಹೇಳಿರುವಾಗ, ತಿದ್ದುವುದೇ ತಪ್ಪಲ್ಲವೇ?

ಮತ್ತಾಯ 7ನೇ ಅಧ್ಯಾಯದ ಮೊದಲ ವಚನವನ್ನು ಹೇಳುವವರು ಐದನೆಯದಕ್ಕೆ ಬರುವ ಮುಂಚೆಯೇ ನಿಲ್ಲಿಸಿಬಿಡುತ್ತಾರೆ. ಅಲ್ಲಿ ಕೆಲಸ ಎರಡು. ಮೊದಲು ನಿನ್ನ ಕಣ್ಣಿನ ತೊಲೆ ತೆಗೆ. ಆಮೇಲೆ ಸಹೋದರನ ಕಣ್ಣಿನ ರವೆ ತೆಗೆಯಲು ಚೆನ್ನಾಗಿ ಕಾಣಿಸುತ್ತದೆ. ರವೆಯನ್ನು ಹಾಗೇ ಬಿಡು ಎಂದು ಯೇಸು ಹೇಳಲಿಲ್ಲ. ಕಣ್ಣಿಗೆ ಕಸ ಬಿದ್ದವರಿಗೆ ಅದು ಗೊತ್ತು: ಉಜ್ಜಿದರೆ ಇನ್ನೂ ಕೆಂಪಾಗುತ್ತದೆ, ಯಾರಾದರೂ ಹತ್ತಿರ ಬಂದು, ಬೆಳಕಿಗೆ ತಿರುಗಿಸಿ, ಬಟ್ಟೆಯ ತುದಿಯಿಂದ ಮೆಲ್ಲಗೆ ತೆಗೆಯಬೇಕು.

ಯಾಜಕಕಾಂಡ 19:17 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಹೋದರನನ್ನು ಮನಸ್ಸಿನೊಳಗೆ ದ್ವೇಷಿಸುವುದು ಬೇಡ, ಅವನಿಗೆ ತಪ್ಪನ್ನು ತಿಳಿಸು ಎಂದು ಅದೇ ವಚನದಲ್ಲಿದೆ. ಹೇಳದೆ ಒಳಗೇ ಇಟ್ಟುಕೊಂಡದ್ದು ಹಗೆಯಾಗಿ ಹುಳಿಯುತ್ತದೆ ಎಂಬುದನ್ನು ಮೋಶೆಯ ಧರ್ಮಶಾಸ್ತ್ರವೇ ಗಮನಿಸಿದೆ.

ನಾನು ತಿದ್ದಲು ಹೊರಟಿದ್ದೇನೋ, ಎತ್ತಿ ಆಡಲು ಹೊರಟಿದ್ದೇನೋ? ಗೊತ್ತಾಗುವುದು ಹೇಗೆ?

ಗಲಾತ್ಯ 6:1ರಲ್ಲಿ “ತಿದ್ದಿ ಸರಿಮಾಡಿ” ಎಂಬಲ್ಲಿ ಪೌಲ ಬಳಸಿದ ಗ್ರೀಕ್ ಕ್ರಿಯಾಪದವೇ ಮಾರ್ಕ 1:19ರಲ್ಲೂ ಇದೆ. ಅಲ್ಲಿ ಯಾಕೋಬ, ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದಾರೆ. ಕರಾವಳಿಯಲ್ಲಿ ಈ ಕೆಲಸ ನೋಡಿದವರಿಗೆ ಹೋಲಿಕೆ ಕೂಡಲೇ ಹೊಳೆಯುತ್ತದೆ. ಹರಿದ ಜಾಗದ ಸುತ್ತ ಚಿಂದಿಯಾದ ನೂಲನ್ನು ಗಟ್ಟಿ ಗಂಟು ಸಿಗುವವರೆಗೆ ಕತ್ತರಿಸಿ, ಉಳಿದ ಬಲೆಯ ಕಣ್ಣಿನ ಅಳತೆಗೇ ಹೊಸ ಗಂಟು ಹಾಕುತ್ತಾ ಬರಬೇಕು. ಜಗ್ಗಿ ಬಿಗಿದರೆ ಬಲೆ ಸುಕ್ಕುಗಟ್ಟಿ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಹೊಲಿಗೆಯ ಉದ್ದೇಶ ಬಲೆ ಮತ್ತೆ ನೀರಿಗಿಳಿಯುವುದು; ಎಲ್ಲಿ ಹರಿದಿತ್ತು ಎಂದು ಊರಿಗೆ ತೋರಿಸುವುದಕ್ಕೆ ಯಾರೂ ಸೂಜಿ ಹಿಡಿಯುವುದಿಲ್ಲ.

ಆ ವಚನದಲ್ಲಿ ಇನ್ನೊಂದು ಸೂಕ್ಷ್ಮವಿದೆ. “ನೀವು” ಎಂದು ಬಹುವಚನದಲ್ಲಿ ಶುರುವಾದ ವಾಕ್ಯ, ಎಚ್ಚರಿಕೆ ಬರುವ ಹೊತ್ತಿಗೆ “ನೀನು” ಎಂದು ಏಕವಚನಕ್ಕೆ ತಿರುಗುತ್ತದೆ. ತಿದ್ದುವ ಕೆಲಸ ಎಲ್ಲರದು, ಬೀಳುವ ಭಯ ಒಬ್ಬೊಬ್ಬರದು.

ನಿಮ್ಮನ್ನು ನೀವೇ ಕೇಳಿಕೊಳ್ಳಬಹುದಾದ ಮೂರು ಪ್ರಶ್ನೆ: ಇವರು ನನ್ನ ಮಾತನ್ನು ಒಪ್ಪಿಕೊಂಡರೆ ನನಗೆ ಸಮಾಧಾನವಾಗುತ್ತದೋ, ಅಥವಾ ಒಳಗೊಳಗೇ ನಿರಾಸೆಯೋ? ಈ ಮಾತುಕತೆ ನಡೆದದ್ದು ಇನ್ಯಾರಿಗೂ ಗೊತ್ತಾಗದೆ ಹೋದರೂ ನಾನು ಹೋಗುತ್ತೇನೆಯೇ? ಇದೇ ತಪ್ಪನ್ನು ನನಗೆ ಬೇಕಾದವರು ಮಾಡಿದ್ದರೆ ಇಷ್ಟೇ ಉರಿಯುತ್ತಿತ್ತೇ? ಎರಡನೆಯದಕ್ಕೆ “ಇಲ್ಲ” ಎಂದು ಬಂದರೆ ಆ ವಾರ ಹೋಗಬೇಡಿ.

ಯಾವುದನ್ನು ಬಿಟ್ಟುಬಿಡಬೇಕು?

ತುಂಬಾ ಇದೆ. ಕ್ರಿಸ್ಮಸ್ ನಾಟಕದಲ್ಲಿ ಮೂವರು ಜೋಯಿಸರು ಬಂದರು. ಮತ್ತಾಯ 2ರಲ್ಲಿ ಎಷ್ಟು ಜನ ಎಂಬ ಲೆಕ್ಕವಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಜನ ಮೂವರು ಎಂದುಕೊಂಡರು. ಅದಕ್ಕಾಗಿ ಸಂಡೇ ಸ್ಕೂಲ್ ಟೀಚರನ್ನು ನಿಲ್ಲಿಸಿ ಮಾತಾಡುವ ಅಗತ್ಯವಿಲ್ಲ.

ಊಟ, ದಿನಾಚರಣೆಗಳ ಬಗ್ಗೆ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಓದಿ. ಒಬ್ಬ ತಿನ್ನುತ್ತಾನೆ, ಒಬ್ಬ ತಿನ್ನುವುದಿಲ್ಲ. ಇಬ್ಬರೂ ಕರ್ತನಿಗಾಗಿಯೇ ಮಾಡುತ್ತಾರೆ. ಆಭರಣ ಹಾಕಬಹುದೇ, ಮುಡಿಗೆ ಹೂವು ಮುಡಿಯಬಹುದೇ, ತಲೆಯ ಮೇಲೆ ಸೆರಗು ಬೇಕೇ ಎಂಬ ನಮ್ಮ ಕಡೆಯ ಜಗಳಗಳಲ್ಲಿ ಹೆಚ್ಚಿನವು ಈ ಗುಂಪಿಗೇ ಸೇರುತ್ತವೆ ಎಂಬುದು ನಮ್ಮ ಅನಿಸಿಕೆ. ಎಲ್ಲ ಸಭೆಗಳೂ ಇದನ್ನು ಒಪ್ಪುವುದಿಲ್ಲ.

ಮಾತಾಡಲೇಬೇಕಾದದ್ದನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಆ ತಪ್ಪಿನಿಂದ ಇನ್ನೊಬ್ಬರಿಗೆ ಹಾನಿಯಾಗುತ್ತಿದೆಯೇ, ಸುವಾರ್ತೆಯ ತಿರುಳೇ ಕೆಡುತ್ತಿದೆಯೇ, ಆ ವ್ಯಕ್ತಿ ತಾನೇ ಹಾಳಾಗುತ್ತಿದ್ದಾನೆಯೇ? ಈ ಮೂರರಲ್ಲಿ ಒಂದಾದರೂ ಇದ್ದರೆ ಹೋಗಿ.

ಹೋಗುವ ಮೊದಲು ಏನು ವಿಚಾರಿಸಿಕೊಳ್ಳಬೇಕು?

ಪೂರ್ತಿ ಕೇಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ ಎಂದು ಜ್ಞಾನೋಕ್ತಿ 18:13 ಹೇಳುತ್ತದೆ. ನಾಲ್ಕೇ ವಚನ ಕೆಳಗೆ, ಮೊದಲು ಮಾತಾಡಿದವನದೇ ಸರಿ ಎನಿಸುತ್ತದೆ, ಎದುರುವಾದಿ ಬಂದು ಪರೀಕ್ಷಿಸುವ ತನಕ ಎಂದಿದೆ. ಯಾರದೋ ಬಾಯಿಂದ ಕೇಳಿದ್ದನ್ನು ಹಿಡಿದುಕೊಂಡು ಹೋಗಬೇಡಿ.

ಪ್ರಸಂಗದ ವಿಷಯವಾದರೆ 40 ಸೆಕೆಂಡಿನ ತುಣುಕು ಸಾಲದು. ಪೂರ್ತಿ ರೆಕಾರ್ಡಿಂಗ್ ಕೇಳಿ. ವಚನದ ವಿಷಯವಾದರೆ ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದಿ, ಅವರು ಬಳಸುವ ಭಾಷಾಂತರವನ್ನೂ ತೆರೆದು ನೋಡಿ. ಕನ್ನಡದ ಹಳೆಯ ಭಾಷಾಂತರ, ಕಥೋಲಿಕರು ಓದುವುದು, ಇತ್ತೀಚಿನ ಸರಳ ಕನ್ನಡದ್ದು ಇವೆಲ್ಲ ಪದಪದಕ್ಕೂ ಒಂದೇ ಆಗಿರುವುದಿಲ್ಲ. “ತಪ್ಪು ಹೇಳಿದರು” ಎಂದು ಎದ್ದವರು ಕೊನೆಗೆ ಬೇರೆ ಭಾಷಾಂತರದ ಜೊತೆ ಜಗಳವಾಡಿ ಬಂದಿರುತ್ತಾರೆ. ಸಹೋದರನು ತಪ್ಪುಮಾಡಿದರೆ ಒಬ್ಬನೇ ಹೋಗಿ ಅವನಿಗೆ ತಿಳಿಸು ಎನ್ನುವ ಮತ್ತಾಯ 18:15ರಲ್ಲೇ ಇಂಥದೊಂದಿದೆ: “ನಿನಗೆ ವಿರೋಧವಾಗಿ” ಎಂಬ ಮಾತು ಕೆಲವು ಬಹು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ, ಹಾಗಾಗಿ ಕೆಲವು ಭಾಷಾಂತರಗಳಲ್ಲಿದೆ, ಕೆಲವುಗಳಲ್ಲಿಲ್ಲ.

ಕೊನೆಯದಾಗಿ, ಅವರ ವಾದವನ್ನು ಅವರೇ “ಹೌದು, ನಾನು ಹೇಳಿದ್ದು ಅದೇ” ಎನ್ನುವಷ್ಟು ನ್ಯಾಯವಾಗಿ ಎರಡು ವಾಕ್ಯದಲ್ಲಿ ಬರೆದು ನೋಡಿ. ಬರೆಯಲಾಗದಿದ್ದರೆ ನಿಮಗೆ ಇನ್ನೂ ಅರ್ಥವಾಗಿಲ್ಲ.

ಎದುರು ಕೂತ ಮೇಲೆ ಮಾತು ಹೇಗೆ ಶುರುಮಾಡುವುದು?

ಜಾಗ ಮೊದಲು. ಆರಾಧನೆ ಮುಗಿದು, ಹೆಂಡತಿ ಮಕ್ಕಳು ಗೇಟಿನ ಹತ್ತಿರ ಕಾಯುತ್ತಿರುವಾಗ ಬೇಡ. ಹಿಂದಿನ ದಿನವೇ ಫೋನ್ ಮಾಡಿ “ಅರ್ಧ ಗಂಟೆ ಸಿಗುತ್ತೀರಾ?” ಎಂದು ಕೇಳಿ, ಅವರು ಹೇಳಿದ ಕಡೆ ಹೋಗಿ. “ಒಂದು ಮುಖ್ಯ ವಿಷಯ ಮಾತಾಡಬೇಕಿತ್ತು” ಎಂದಷ್ಟೇ ಹೇಳಿ ಇಟ್ಟರೆ ಅವರು ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ವಿಷಯ ಏನೆಂದು ಒಂದು ಸಾಲಿನಲ್ಲಿ ಹೇಳಿಬಿಡಿ. ಗಂಡಸು ಹೆಂಗಸಿನ ಹತ್ತಿರ ಮಾತಾಡಬೇಕಾದರೆ ಮನೆಯ ಜಗಲಿಯಂಥ ಜಾಗ ವಾಸಿ. ನಾಲ್ಕು ಜನರಿಗೆ ಕಾಣಿಸಬೇಕು, ಮಾತು ಕೇಳಿಸಬಾರದು.

ಒಂದು ಉದಾಹರಣೆ. ಮನೆ ಪ್ರಾರ್ಥನೆಯಲ್ಲಿ ವಾಕ್ಯ ಹೇಳಿದ ಹಿರಿಯ ಸಹೋದರರೊಬ್ಬರು, ನಂಬಿಕೆ ಇದ್ದವರಿಗೆ ಕಾಯಿಲೆ ನಿಲ್ಲುವುದಿಲ್ಲ ಎಂದರು. ಆ ಕೋಣೆಯಲ್ಲೇ ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುತ್ತಿದ್ದ ಒಬ್ಬ ತಾಯಿ ಕೂತಿದ್ದರು. ಹೀಗೆ ಆರಂಭಿಸಬಹುದು:

“ಅಣ್ಣಾ, ಶುಕ್ರವಾರ ನೀವು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಇದು: ವಾಸಿಯಾಗದಿದ್ದರೆ ನಂಬಿಕೆ ಇಲ್ಲ ಅಂತ. ನಾನು ಸರಿಯಾಗಿ ಕೇಳಿಸಿಕೊಂಡೆನಾ?”

ಇಲ್ಲಿ ನಿಲ್ಲಿಸಿ. ನಿಜವಾಗಿ ನಿಲ್ಲಿಸಿ. ಎಷ್ಟೋ ಸಲ ಉತ್ತರ “ಅಯ್ಯೋ, ಹಾಗಲ್ಲಪ್ಪಾ” ಎಂದೇ ಬರುತ್ತದೆ, ಕೆಲಸ ಅರ್ಧ ಮುಗಿಯುತ್ತದೆ. “ಹೌದು, ಅದೇ ಹೇಳಿದ್ದು” ಎಂದರೆ:

“2 ತಿಮೊಥೆ 4:20ರಲ್ಲಿ ಪೌಲ, ತನ್ನ ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿ ಮಿಲೇತದಲ್ಲಿ ಬಿಟ್ಟುಬಂದೆ ಅಂತಾನಲ್ಲಾ ಅಣ್ಣ, ಅದನ್ನು ಹೇಗೆ ತಗೊಳ್ಳೋದು? ತಿಮೊಥೆಗೂ ಪದೇ ಪದೇ ಅಸ್ವಸ್ಥ ಆಗ್ತಿತ್ತು ಅಂತ ಮೊದಲ ಪತ್ರದ 5:23ರಲ್ಲಿದೆ.”

ಒಂದೇ ವಿಷಯ ಮಾತಾಡಿ. ಹೋದದ್ದೇ ಹೋದೆವು ಎಂದು ಮೂರು ವರ್ಷದ ಹಳೆಯ ಪಟ್ಟಿ ಬಿಚ್ಚಿದರೆ ಮೊದಲನೆಯದೂ ಹಾಳಾಗುತ್ತದೆ. “ನೀವು ಯಾವಾಗಲೂ ಹೀಗೇ” ಎಂಬ ಮಾತು ಬಾಯಿಗೆ ಬರಲೇಬಾರದು. ಅಲ್ಲೇ ಆಗಲೇ ಒಪ್ಪಿಕೊಳ್ಳಲಿ ಎಂದು ಕಾಯಬೇಡಿ. “ಯೋಚಿಸಿ ನೋಡಿ ಅಣ್ಣ” ಎಂದು ಎದ್ದು ಬನ್ನಿ. ಮನುಷ್ಯನಿಗೆ ಒಬ್ಬನೇ ಇರುವಾಗ ಮನಸ್ಸು ಬದಲಿಸುವುದು ಸುಲಭ.

ಇನ್ನೊಂದು ಕಿವಿಮಾತು. “ನಾನೇನು ದೊಡ್ಡವನಲ್ಲ, ನಾನೂ ಪಾಪಿಯೇ, ನನಗೇನೂ ತಿಳಿಯದು” ಎಂದು ಐದು ನಿಮಿಷ ಪೀಠಿಕೆ ಹಾಕುವವರಿದ್ದಾರೆ. ಕೇಳುವವರು ಪಾಪ, ಮೊದಲು ನಿಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ. ನಿಮ್ಮದೇ ತಪ್ಪೊಂದು ಈ ವಿಷಯಕ್ಕೆ ನಿಜವಾಗಿ ಸಂಬಂಧಿಸಿದ್ದರೆ ಅದನ್ನು ಒಂದೇ ವಾಕ್ಯದಲ್ಲಿ ಒಪ್ಪಿಕೊಂಡು ಮುಂದೆ ಹೋಗಿ.

ನೇರವಾಗಿ ಹೇಳಲು ಧೈರ್ಯವಿಲ್ಲ. ಪ್ರಾರ್ಥನೆಯಲ್ಲಿ ಸೂಚಿಸಬಹುದೇ?

ಎಲ್ಲರೂ ಕಣ್ಣು ಮುಚ್ಚಿರುವಾಗ “ಕರ್ತನೇ, ಇಲ್ಲಿರುವ ಒಬ್ಬ ಸಹೋದರನ ಕಣ್ಣು ತೆರೆ, ಅವನ ಹಣದಾಸೆಯನ್ನು ಮುರಿ” ಎಂದು ಗಟ್ಟಿಯಾಗಿ ಪ್ರಾರ್ಥಿಸುವುದು ಬೇಡ. ಅದು ದೇವರಿಗೆ ಹೇಳಿದ್ದಲ್ಲವೆಂದು ದೇವರಿಗೂ ಗೊತ್ತು, ಆ ಸಹೋದರನಿಗೂ ಗೊತ್ತು. “ಆಮೆನ್” ಆದ ಮೇಲೆ ಎಲ್ಲರೂ ಅವನ ಮುಖ ನೋಡುತ್ತಾರೆ. ಅವನು ಉತ್ತರ ಕೊಡುವಂತೆಯೂ ಇಲ್ಲ. ಪ್ರಸಂಗಪೀಠದಿಂದ ಒಬ್ಬರನ್ನೇ ಗುರಿಯಿಟ್ಟು ಚುಚ್ಚುವುದೂ ಇದರ ಅಣ್ಣತಮ್ಮನೇ.

“ಪ್ರಾರ್ಥನಾ ವಿಷಯ” ಎಂದು ಇನ್ನೊಬ್ಬರಿಗೆ ಹೇಳುವುದನ್ನೂ ಹೀಗೇ ತೂಗಿ ನೋಡಿ. ಹೆಸರಿಲ್ಲದೆ, ಊರಿಲ್ಲದೆ, ಗುರುತು ಸಿಗದ ಹಾಗೆ “ಒಂದು ಕಷ್ಟದ ಮಾತು ಆಡಬೇಕಿದೆ, ನನಗಾಗಿ ಪ್ರಾರ್ಥಿಸಿ” ಎಂದರೆ ಸಾಕಾಗುತ್ತದೆ.

ಸಭೆಯ ವಾಟ್ಸಾಪ್ ಗುಂಪಿನಲ್ಲಿ ತಪ್ಪು ಸಂದೇಶ ಬಂದರೆ?

ಹಾಕಿದವರಿಗೆ ಬೇರೆಯಾಗಿ ಬರೆಯಿರಿ, ಅಳಿಸಲು ಅವರಿಗೆ ಅವಕಾಶ ಕೊಡಿ. ಆ ಸಂದೇಶದಿಂದ ಇತರರು ದುಡ್ಡು ಕಳೆದುಕೊಳ್ಳುವಂತಿದ್ದರೆ ಅಥವಾ ಔಷಧ ಬಿಡುವಂತಿದ್ದರೆ ಮಾತ್ರ ಗುಂಪಿನಲ್ಲೇ ಒಂದು ಸಾಲು ಹಾಕಿ, ಹಾಕಿದವರ ಹೆಸರೆತ್ತದೆ.

ಪೌಲನು ಪೇತ್ರನನ್ನು ಎಲ್ಲರೆದುರೇ ಖಂಡಿಸಿದನಲ್ಲ?

ಗಲಾತ್ಯ 2:11–14. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದ ಮೇಲೆ ಹಿಂಜರಿದ. ಉಳಿದ ಯೆಹೂದ್ಯರೂ ಜೊತೆಗೆ ಸರಿದರು, ಬಾರ್ನಬನೂ ಹೋದ. ಅಲ್ಲಿ ತಪ್ಪು ನಡೆದದ್ದೇ ಎಲ್ಲರೆದುರು, ಮಾಡಿದವನು ಅಪೊಸ್ತಲ, ಆ ಕ್ಷಣವೇ ಸಭೆ ಎರಡಾಗುತ್ತಿತ್ತು. ಈ ಮೂರೂ ಕೂಡಿದ್ದಾಗ ಬಹಿರಂಗ ಮಾತಿಗೆ ದಾರಿಯಿದೆ. ಪೌಲ ಮುಖಾಮುಖಿ ನಿಂತು ಹೇಳಿದ ಎಂಬುದನ್ನೂ ಮರೆಯಬಾರದು. ಪೇತ್ರ ಇಲ್ಲದ ಊರಿನಲ್ಲಿ ಭಾಷಣ ಮಾಡಲಿಲ್ಲ.

ನಮ್ಮ ಹೆಚ್ಚಿನ ಸಂದರ್ಭಗಳಿಗೆ ಹೊಂದುವುದು ಅಪೊಸ್ತಲರ ಕೃತ್ಯಗಳು 18ರ ಪ್ರಸಂಗ. ಅಪೊಲ್ಲೋಸ ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡುತ್ತಿದ್ದ, ಆದರೆ ಸ್ನಾನಿಕ ಯೋಹಾನನ ದೀಕ್ಷಾಸ್ನಾನದವರೆಗೆ ಮಾತ್ರ ಅವನಿಗೆ ಗೊತ್ತಿತ್ತು. ಡೇರೆ ಹೊಲಿಯುವ ಕಸುಬಿನ ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಕೇಳಿಸಿಕೊಂಡರು. ಸಭೆಯ ನಡುವೆ ಎದ್ದು ನಿಲ್ಲದೆ, ಅವನನ್ನು ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ವಿವರಿಸಿದರು. ಮುಂದಿನ ವಚನದಲ್ಲೇ, ಅವನು ಹೋಗಬೇಕೆಂದಿದ್ದ ಅಖಾಯ ಪ್ರಾಂತ್ಯದವರಿಗೆ ಅವನ ಪರವಾಗಿ ಸಹೋದರರು ಶಿಫಾರಸು ಪತ್ರ ಬರೆಯುತ್ತಾರೆ.

ತಪ್ಪು ಮಾಡಿದವರು ವಯಸ್ಸಿನಲ್ಲಿ ದೊಡ್ಡವರು ಅಥವಾ ಸಭಾಪಾಲಕರು. ಆಗ?

1 ತಿಮೊಥೆ 5:1ರ ಪ್ರಕಾರ ಹಿರಿಯರನ್ನು ಗದರಿಸದೆ, ತಂದೆಗೆ ಹೇಳುವ ಹಾಗೆ ಹೇಳಬೇಕು. ನಮ್ಮ ಮನೆಗಳಲ್ಲಿ ಅಪ್ಪನಿಗೆ “ನೀವು ತಪ್ಪು” ಎನ್ನುವವರು ಕಡಿಮೆ, “ಅಪ್ಪಾ, ಇದು ಹೀಗಲ್ಲವಾ?” ಎನ್ನುತ್ತೇವೆ. ಅದೇ ಧಾಟಿ ಪಾಸ್ಟರಿಗೂ ಫಾದರಿಗೂ ಸಾಕು. ಪ್ರಶ್ನೆಯ ರೂಪದಲ್ಲಿ ಕೇಳಿ, ಅದು ಹೊಂಚಿನ ಪ್ರಶ್ನೆಯಾಗಿರಬಾರದು ಅಷ್ಟೆ.

ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳು ಬೇಕು (5:19). ಕಾಣಿಕೆ ಹಣದ ಲೆಕ್ಕದ ಬಗ್ಗೆ ಸಂಶಯವಿದ್ದರೆ ವ್ಯಕ್ತಿಯನ್ನು ಹಿಡಿಯುವ ಬದಲು ಪದ್ಧತಿಯನ್ನು ಕೇಳಿ: ಇಬ್ಬರು ಕೂತು ಎಣಿಸುತ್ತಾರೆಯೇ, ಅಲ್ಲೇ ಬರೆದು ಇಬ್ಬರೂ ಸಹಿ ಹಾಕುತ್ತಾರೆಯೇ, ವರ್ಷಕ್ಕೊಮ್ಮೆ ಸಭೆಗೆ ಲೆಕ್ಕ ಓದುತ್ತಾರೆಯೇ. ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ ಯಾರೂ ಬೆರಳು ತೋರಿಸಬಾರದೆಂದು ಪೌಲನೇ ಸಭೆಗಳು ಆರಿಸಿದವನನ್ನು ಜೊತೆಗಿಟ್ಟುಕೊಂಡ (2 ಕೊರಿಂಥ 8:19–21).

ಇಬ್ಬರನ್ನು ಜೊತೆಗೆ ಕರೆದೊಯ್ಯುವುದು ಯಾವಾಗ? ಯಾರನ್ನು?

ಮತ್ತಾಯ 18:15–17ರ ಕ್ರಮ ಇದು: ಮೊದಲು ಒಬ್ಬರೇ ಹೋಗಿ ಹೇಳುವುದು, ಕಿವಿಗೊಡದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯುವುದು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸುವುದು. ಸಾಕ್ಷಿಗಳೆಂದರೆ ನಿಮ್ಮ ಪಕ್ಷದವರಲ್ಲ. ಧರ್ಮೋಪದೇಶಕಾಂಡ 19:15ರಲ್ಲಿ ಸಾಕ್ಷಿ ಇರುವುದು ಆರೋಪಿಯ ರಕ್ಷಣೆಗೂ ಹೌದು. ಆ ವ್ಯಕ್ತಿ ಗೌರವಿಸುವ ಒಬ್ಬರಾದರೂ ಇರಲಿ. “ನೀನೇ ತಪ್ಪು” ಎಂದು ನಿಮಗೇ ಹೇಳಬಲ್ಲವರಾದರೆ ಇನ್ನೂ ಒಳ್ಳೆಯದು.

ಈ ನಿಧಾನದ ಕ್ರಮ ಯಾವಾಗ ಸಲ್ಲದು?

ಪ್ರಾಣಕ್ಕೆ, ಮಕ್ಕಳಿಗೆ ಅಪಾಯವಿದ್ದಾಗ. “ಪ್ರಾರ್ಥನೆಯಾಗಿದೆ, ಇನ್ನು ಇನ್ಸುಲಿನ್ ಬೇಡ” ಎಂದು ಯಾರಾದರೂ ಹೇಳಿದ್ದರೆ ಅರ್ಧ ಗಂಟೆಯ ಭೇಟಿಗೆ ಕಾಯಬೇಡಿ. ಕೆಲವು ಸಕ್ಕರೆ ರೋಗಿಗಳಲ್ಲಿ ಇನ್ಸುಲಿನ್ ನಿಂತ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ಬರುತ್ತದೆ. ಕ್ಷಯದ ಮಾತ್ರೆ ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯವಾಗಿ ತಿರುಗಬಹುದು. ಅಂದೇ ರೋಗಿಗೆ, ಮನೆಯವರಿಗೆ ಹೇಳಿ, ವೈದ್ಯರ ಹತ್ತಿರ ಕಳಿಸಿ. ಹೇಳಿದವರನ್ನು ತಿದ್ದುವುದು ಆಮೇಲೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮತ್ತಾಯ 18ರ ಹೆಸರಿನಲ್ಲಿ “ಒಳಗೇ ಬಗೆಹರಿಸುವುದು” ಸಲ್ಲದು. 2012ರ ಪೋಕ್ಸೊ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಮಗುವನ್ನು ಆರೋಪಿಯ ಎದುರು ಕೂರಿಸಿ “ಕ್ಷಮಿಸಿಬಿಡು” ಎನ್ನಿಸುವುದು ಇನ್ನೊಂದು ಹಿಂಸೆ.

ಬೇರೆ ಪಂಗಡದವರ ಬೋಧನೆಯನ್ನು ತಿದ್ದಬೇಕೇ?

ಮೊದಲು ಅವರ ಪುಸ್ತಕವನ್ನು ಅವರಿಂದಲೇ ಕೇಳಿ ಓದಿ. ನಿಮ್ಮ ಸಭೆಯಲ್ಲಿ ಅವರ ಬಗ್ಗೆ ಹೇಳುವುದನ್ನು ಅವರ ಮುಂದೆಯೂ ಹೇಳಲಾಗದಿದ್ದರೆ ಹೇಳಬೇಡಿ.

ತಿದ್ದಲು ಹೋದೆ, ಆಮೇಲೆ ನಾನೇ ತಪ್ಪು ಎಂದು ಗೊತ್ತಾಯಿತು. ಈಗ?

ತಪ್ಪು ಎಷ್ಟು ದೂರ ಹೋಗಿದೆಯೋ ಕ್ಷಮಾಪಣೆಯೂ ಅಷ್ಟೇ ದೂರ ಹೋಗಬೇಕು. ಆರು ಜನರ ಮುಂದೆ ಹೇಳಿದ್ದರೆ ಆ ಆರು ಜನರ ಮುಂದೆ. “ನಿಮಗೆ ನೋವಾಗಿದ್ದರೆ ಕ್ಷಮಿಸಿ” ಸಾಲದು. “ನಾನು ಪೂರ್ತಿ ಕೇಳದೆ ಮಾತಾಡಿದೆ, ನೀವು ಹೇಳಿದ್ದು ಬೇರೆಯೇ ಆಗಿತ್ತು” ಎಂದು ತಪ್ಪಿನ ಹೆಸರು ಹೇಳಿ.

ಇನ್ನೊಬ್ಬನ ಹೆಂಡತಿ ಬತ್ಷೆಬೆಯನ್ನು ತೆಗೆದುಕೊಂಡ ರಾಜ ದಾವೀದನಿಗೆ “ಆ ಮನುಷ್ಯನು ನೀನೇ” ಎಂದ ಪ್ರವಾದಿ ನಾತಾನನನ್ನು ಎಲ್ಲರೂ ಬಲ್ಲರು (2 ಸಮುವೇಲ 12). ಐದು ಅಧ್ಯಾಯ ಹಿಂದೆ ಅದೇ ನಾತಾನ, ದೇವಾಲಯ ಕಟ್ಟುವ ಆಸೆ ಹೇಳಿಕೊಂಡ ದಾವೀದನಿಗೆ ಮನಸ್ಸಿನಲ್ಲಿರುವುದನ್ನೆಲ್ಲ ಮಾಡು ಎಂದುಬಿಟ್ಟಿದ್ದ. ಅದೇ ರಾತ್ರಿ ದೇವರು ಬೇಡವೆಂದಾಗ, ಮತ್ತೆ ಅರಮನೆಗೆ ಹೋಗಿ ತನ್ನ ಮಾತನ್ನು ತಾನೇ ತಿದ್ದಿಕೊಂಡ. ಬತ್ಷೆಬೆಯ ವಿಷಯದಲ್ಲಿ ರಾಜ ಅವನ ಮಾತಿಗೆ ಬಾಗಿದ್ದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನಮಗನ್ನಿಸುತ್ತದೆ.

ಸಭಾ ಚರಿತ್ರೆಯಲ್ಲಿ ಹಳೆಯ ಕಾಲದ ಪಂಡಿತರಾದ ಅಗಸ್ಟೀನ–ಜೆರೋಮರ ಪ್ರಸಂಗ ಕೇಳಬೇಕಾದದ್ದು. ಗಲಾತ್ಯ 2ರಲ್ಲಿ ಪೌಲ ಪೇತ್ರನನ್ನು ಖಂಡಿಸಿದ್ದು ಬರೀ ತೋರಿಕೆಗೆ ಎಂದು ಜೆರೋಮ್ ಬರೆದಿದ್ದ. ಸುಮಾರು 395ರಲ್ಲಿ, ವಯಸ್ಸಿನಲ್ಲಿ ಚಿಕ್ಕವನಾದ ಅಗಸ್ಟೀನ ಆಫ್ರಿಕದಿಂದ ಬೆತ್ಲೆಹೇಮಿಗೆ ಆಕ್ಷೇಪಣೆಯ ಪತ್ರ ಬರೆದ. ಅದು ತಲುಪಲಿಲ್ಲ. ಅದೇ ವಿಷಯದ ಮತ್ತೊಂದು ಪತ್ರ ಜೆರೋಮನ ಕೈ ಸೇರುವ ಮೊದಲೇ ಇಟಲಿಯಲ್ಲಿ ಅವರಿವರ ಕೈಯಲ್ಲಿ ಓಡಾಡಿತು. ಮುದುಕನನ್ನು ಕೆಣಕಿ ಹೆಸರು ಮಾಡಲು ಹೊರಟಿದ್ದಾನೆ ಎಂದು ಜೆರೋಮ್ ಕೆರಳಿದ್ದು ಸಹಜ. ಅಗಸ್ಟೀನ ಕ್ಷಮೆ ಕೇಳಿದ, ವಾದವನ್ನು ಬಿಡಲಿಲ್ಲ. ಒಬ್ಬ ಅಪೊಸ್ತಲ ಇನ್ನೊಬ್ಬನನ್ನು ತಿದ್ದಿದ್ದರ ಬಗ್ಗೆಯೇ ಇಬ್ಬರು ಪಂಡಿತರು ಹೀಗೆ ಎಡವಿದರು; ಪತ್ರ ಫಾರ್ವರ್ಡ್ ಆಗುವ ಕಾಟ ಇಂದಿನದಲ್ಲ. ಮುಂದೆ 426–27ರ ಹೊತ್ತಿಗೆ ಮುಪ್ಪಿನ ಅಗಸ್ಟೀನ ತನ್ನದೇ ಪುಸ್ತಕಗಳನ್ನು ಒಂದೊಂದಾಗಿ ತೆರೆದು, ಎಲ್ಲೆಲ್ಲಿ ತಿದ್ದಬೇಕೆಂದು ಬರೆದಿಟ್ಟ.

ಅವರು ಒಪ್ಪಿಕೊಂಡರು. ಇನ್ನೇನು?

ಮುಂದಿನ ಭಾನುವಾರ ಅವರ ಪಕ್ಕದಲ್ಲೇ ಕೂರಿ. ಒಪ್ಪಿಕೊಂಡವನಿಗೆ ಜನರ ನಡುವೆ ಬರಲು ನಾಚಿಕೆಯಿರುತ್ತದೆ. ಕೊರಿಂಥದವರಿಗೆ ಪೌಲ ಬರೆದದ್ದೂ ಅದನ್ನೇ, ಅವನು ದುಃಖದಲ್ಲಿ ಮುಳುಗಿಹೋಗದಂತೆ ಕ್ಷಮಿಸಿ ಸಂತೈಸಿ ಎಂದು (2 ಕೊರಿಂಥ 2:7). ಆರನೇ ಶತಮಾನದ ಬೆನೆಡಿಕ್ಟನ ಮಠನಿಯಮದ 27ನೇ ಅಧ್ಯಾಯದಲ್ಲಿ, ಶಿಕ್ಷೆಯಲ್ಲಿರುವ ಸನ್ಯಾಸಿಯ ಹತ್ತಿರ ವಿವೇಕಿಗಳಾದ ಹಿರಿಯರನ್ನು ಗುಟ್ಟಾಗಿ ಕಳಿಸಿ ಸಂತೈಸಬೇಕೆಂಬ ಏರ್ಪಾಟೇ ಇದೆ.

ಒಪ್ಪಲೇ ಇಲ್ಲ. ಸಭೆಗೂ ಕಿವಿಗೊಡಲಿಲ್ಲ.

ಅಂಥವನು ನಿನಗೆ ಸುಂಕದವನ (ಆಗ ಜನ ದೂರವಿಡುತ್ತಿದ್ದ ತೆರಿಗೆ ವಸೂಲಿಯವನ) ಹಾಗೆ ಇರಲಿ ಎಂದು ಮತ್ತಾಯ 18:17. ಈ ಮಾತಿರುವ ಸುವಾರ್ತೆಗೆ ಹೆಸರು ಕೊಟ್ಟ ಮತ್ತಾಯನೇ ಸುಂಕದ ಕಟ್ಟೆಯಿಂದ ಎದ್ದು ಬಂದವನು. ಜವಾಬ್ದಾರಿಯ ಕೆಲಸಗಳಿಂದ ಇಳಿಸಬೇಕಾದೀತು. ದಾರಿಯಲ್ಲಿ ಸಿಕ್ಕಾಗ ಮುಖ ತಿರುಗಿಸುವುದು, ಅವರ ಮನೆಯ ಸಾವಿಗೂ ಹೋಗದಿರುವುದು ಅದರ ಅರ್ಥವಲ್ಲ.

ನನ್ನನ್ನು ತಿದ್ದುವವರು ಯಾರು?

ಬಹಳ ಮಂದಿ ಕೊನೆಗೆ ಕೇಳುವ, ಮೊದಲೇ ಕೇಳಬೇಕಿದ್ದ ಪ್ರಶ್ನೆ. ಮೆಥೊಡಿಸ್ಟ್ ಪಂಗಡಕ್ಕೆ ಮೂಲನಾದ ಬೋಧಕ ಜಾನ್ ವೆಸ್ಲಿ 1738ರ ಡಿಸೆಂಬರ್‌ನಲ್ಲಿ ಬರೆದ ಸಣ್ಣ ಗುಂಪುಗಳ ನಿಯಮದಲ್ಲಿ, ವಾರಕ್ಕೊಮ್ಮೆ ಕೂಡಿದಾಗ ಒಬ್ಬರು ಮೊದಲು ತಮ್ಮ ಸ್ಥಿತಿಯನ್ನು ಹೇಳಿಕೊಂಡು, ಆಮೇಲೆ ಉಳಿದವರನ್ನು ವಿಚಾರಿಸಬೇಕೆಂದಿದೆ. ಸೇರಲು ಬಂದವರನ್ನು, ನಿಮ್ಮ ತಪ್ಪುಗಳನ್ನು ನಿಮಗೆ ಹೇಳಬೇಕೆಂದು ಬಯಸುತ್ತೀರಾ ಎಂದು ಮುಂಚಿತವಾಗಿಯೇ ಕೇಳುತ್ತಿದ್ದರು.

ಇದನ್ನು ಸರಳವಾಗಿ ಮಾಡಬಹುದು. ಮೂರು ನಾಲ್ಕು ಜನ ಸಾಕು. ಗಂಡಸರು ಬೇರೆ, ಹೆಂಗಸರು ಬೇರೆ. ನಿಮ್ಮಿಂದ ಸಂಬಳ ಪಡೆಯುವವರು, ನಿಮ್ಮ ಸಾಲ ತೀರಿಸಬೇಕಾದವರು ಅದರಲ್ಲಿ ಬೇಡ, ಅವರು ನಿಜ ಹೇಳಲಾರರು. ಯಾರನ್ನಾದರೂ ತಿದ್ದಲು ಹೋಗುವ ಮುನ್ನ ಈ ಗುಂಪಿನಲ್ಲಿ ಹೆಸರೆತ್ತದೆ “ಈ ವಿಷಯದಲ್ಲಿ ನಾನು ಹೇಗಿದ್ದೇನೆ?” ಎಂದು ಕೇಳಿ. ಉತ್ತರ ಬರುವಾಗ ನಡುವೆ “ಇಲ್ಲ, ಅದು ಹಾಗಲ್ಲ” ಎನ್ನಬೇಡಿ. ಪೂರ್ತಿ ಕೇಳಿಸಿಕೊಂಡು ಚೀಟಿಯಲ್ಲಿ ಬರೆದುಕೊಳ್ಳಿ, ಮುಂದಿನ ವಾರ ಅದೇ ಚೀಟಿ ತನ್ನಿ.